‘ಆ್ಯಡ್’ ಮರೆತ ಸಂಜೆ

ಬಾಗಲಕೋಟೆಯ ನವನಗರದಲ್ಲಿ ನಡೆದ ಒಂದು ಸಣ್ಣ ಕೂಟದಲ್ಲಿ, ದೂರದಿಂದ ನೆಟ್‌ವರ್ಕ್ ಸಾಧನಗಳ ಸೆಟ್ಟಿಂಗ್ ಬದಲಿಸುವುದರ ಬಗ್ಗೆ ನಾನು ಆಡಿದ ಮಾತುಗಳಿವು. ಕೇಳಲು ಬಂದವರಲ್ಲಿ ಅರ್ಧ ಜನ ಇಂಜಿನಿಯರಿಂಗ್ ಹುಡುಗ ಹುಡುಗಿಯರು. ಉಳಿದವರು ಕಾಲೇಜು, ಬ್ಯಾಂಕು, ಆಸ್ಪತ್ರೆ, ಸಕ್ಕರೆ ಕಾರ್ಖಾನೆಗಳಲ್ಲಿ ಸ್ವಿಚ್ಚು, ರೌಟರು, ಅಂದರೆ ಕಂಪ್ಯೂಟರುಗಳನ್ನು ಒಂದಕ್ಕೊಂದು, ಇಂಟರ್ನೆಟ್ಟಿಗೆ ಜೋಡಿಸುವ ಡಬ್ಬಿಗಳನ್ನು ನೋಡಿಕೊಳ್ಳುವವರು. ಮಾತಿನ ಕಸ ಒಂದಿಷ್ಟು ಗುಡಿಸಿ ಬರೆದಿದ್ದೇನೆ. ಕಮಾಂಡುಗಳನ್ನು ಬಾಯಲ್ಲಿ ಹೇಳಿದ ಹಾಗೇ ಬಿಟ್ಟಿದ್ದೇನೆ, ಕೀಬೋರ್ಡ್ ಮುಂದೆ ಕೂತವರಿಗೆ ಅದು ಅರ್ಥವಾಗುತ್ತದೆ.

ನನ್ನದೇ ತಪ್ಪಿನಿಂದ ಶುರು ಮಾಡುತ್ತೇನೆ. ಬೇರೆಯವರ ತಪ್ಪು ಹೇಳಿದರೆ ನೀವು ನಗುತ್ತೀರಿ, ನನ್ನದು ಹೇಳಿದರೆ ಕೇಳುತ್ತೀರಿ.

ಮುಧೋಳ ಕಡೆಯ ಒಂದು ಸಕ್ಕರೆ ಕಾರ್ಖಾನೆ. ಹೆಸರು ಬೇಡ. ಕಬ್ಬು ನುರಿಸುವ ಹಂಗಾಮು ಜೋರಾಗಿತ್ತು. ಗೇಟಿನ ಹತ್ತಿರ ಕಾಟಾ ಇರುತ್ತದಲ್ಲ, ಕಬ್ಬಿನ ಟ್ರ್ಯಾಕ್ಟರ್ ತೂಗುವ ಜಾಗ, ಅಲ್ಲಿ ಹೊಸದಾಗಿ ನಾಲ್ಕು ಕ್ಯಾಮೆರಾ ಹಾಕಿದ್ದರು. ಅವಕ್ಕೆ ಬೇರೆ ವಿಲ್ಯಾನ್ ಕೊಡಬೇಕು ಅಂತ ಮಾತಾಗಿತ್ತು. ಎರಡು ನಿಮಿಷದ ಕೆಲಸ. ಸಂಜೆ ಏಳಕ್ಕೆ, ಮನೆಯಲ್ಲೇ ಕೂತು, ಒಂದು ಕೈಯಲ್ಲಿ ಚುರಮುರಿ ತಿನ್ನುತ್ತಾ ಕಾಟಾ ಮನೆಯ ಸ್ವಿಚ್ಚಿಗೆ ಲಾಗಿನ್ ಆದೆ.

ಹುಡುಗರಿಗಾಗಿ ಇಲ್ಲಿ ಒಂದು ಮಾತು. ವಿಲ್ಯಾನ್ ಅಂದರೆ ಒಂದೇ ನೆಟ್‌ವರ್ಕಿನೊಳಗೆ ಮಾಡಿಕೊಂಡ ಒಂದು ಭಾಗ, ನಮ್ಮ ನವನಗರದ ಸೆಕ್ಟರ್ ಇದ್ದ ಹಾಗೆ. ಊರು ಒಂದೇ, ಆದರೆ ಸೆಕ್ಟರ್ ಬೇರೆ ಬೇರೆ. ಆ ಕಾರ್ಖಾನೆಯಲ್ಲಿ 10 ಆಫೀಸಿನದು, 20 ಕಾಟಾದ್ದು, 99 ಸ್ವಿಚ್ಚುಗಳನ್ನು ನಾವು ನೋಡಿಕೊಳ್ಳುವುದಕ್ಕೆ ಇಟ್ಟದ್ದು. ಹೊಸ ಕ್ಯಾಮೆರಾಗಳಿಗೆ 40. ಎರಡು ಸ್ವಿಚ್ಚಿನ ನಡುವಿನ ಟ್ರಂಕ್ ಅಂದರೆ ಎಲ್ಲ ಸೆಕ್ಟರಿನವರನ್ನೂ ಹತ್ತಿಸಿಕೊಂಡು ಹೋಗುವ ಬಸ್ಸು. ಯಾವ ಸೆಕ್ಟರಿನವರು ಹತ್ತಬಹುದು ಅಂತ ಬಾಗಿಲಲ್ಲಿ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಗೆ 40 ಸೇರಿಸಬೇಕಿತ್ತು.

ಸಿಸ್ಕೋ ಕಂಪನಿಯ ಸ್ವಿಚ್ಚಿನಲ್ಲಿ ಅದಕ್ಕೆ ಬರೆಯಬೇಕಾದದ್ದು ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ ಆ್ಯಡ್ 40’. ನಾನು ‘ಆ್ಯಡ್’ ಬಿಟ್ಟು ಬರೆದೆ. ಅದು ತಪ್ಪು ಕಮಾಂಡ್ ಅಲ್ಲ, ನೋಡಿ. ಸ್ವಿಚ್ ಬೈಯುವುದಿಲ್ಲ, ಖಚಿತವಾ ಅಂತ ಕೇಳುವುದಿಲ್ಲ. ‘ಆ್ಯಡ್’ ಇದ್ದರೆ ಪಟ್ಟಿಗೆ ಸೇರಿಸು ಅಂತ ಅರ್ಥ. ಇಲ್ಲದಿದ್ದರೆ ಹಳೇ ಪಟ್ಟಿ ಹರಿದು ಹಾಕು, ಇನ್ನು ಮುಂದೆ 40 ಮಾತ್ರ ಅಂತ ಅರ್ಥ. ಎಂಟರ್ ಒತ್ತಿದೆ. ಕರ್ಸರ್ ನಿಂತಿತು. ಸುಮ್ನೆ ನೆಟ್ ನಿಧಾನ ಇರಬೇಕು ಅಂದುಕೊಂಡು ಇನ್ನೆರಡು ಸಲ ಎಂಟರ್ ಒತ್ತಿದೆ, ಕರ್ಸರ್ ಅಲ್ಲಾಡಲಿಲ್ಲ, ಆಗ ಹೊಟ್ಟೆಯಲ್ಲಿ ಒಂಥರಾ ತಣ್ಣಗಾಗುತ್ತದಲ್ಲ, ಈ ಕೆಲಸ ಮಾಡುವ ಎಲ್ಲರಿಗೂ ಒಮ್ಮೆಯಾದರೂ ಆಗಿರುತ್ತದೆ, ಹಾಗಾಯಿತು. ನಾನು ಬಂದ ದಾರಿ 99. ಅದನ್ನೇ ನಾನು ಬಸ್ಸಿಂದ ಇಳಿಸಿದ್ದೆ. ಕೂತ ಕೊಂಬೆಯನ್ನೇ ಕಡಿದುಕೊಂಡಿದ್ದೆ. ಜೊತೆಗೆ 20 ಕೂಡ ಹೋಗಿತ್ತು, ಅಂದರೆ ಕಾಟಾದ ಕಂಪ್ಯೂಟರಿಗೆ ಆಫೀಸಿನ ಸರ್ವರ್ ಸಿಗುತ್ತಿಲ್ಲ, ತೂಕದ ಚೀಟಿ ಪ್ರಿಂಟ್ ಆಗುತ್ತಿಲ್ಲ, ತೂಕ ನಿಂತಿದೆ.

ಕಾಟಾ ಹುಡುಗನಿಗೆ ಫೋನ್ ಮಾಡಿದೆ. ಹಿಂದೆ ಟ್ರ್ಯಾಕ್ಟರಿನ ಹಾರ್ನು, ಡಬ್ಬಲ್ ಟ್ರೇಲರ್ ಮೇಲಿನ ಡಿಜೆ ಹಾಡು, ಯಾರೋ ಕೂಗಾಡುವುದು, ಎಲ್ಲ ಕೇಳುತ್ತಿತ್ತು. ‘ಗೋಡೆಗೆ ಹೊಡೆದಿರೋ ಪೆಟ್ಟಿಗೆ ಒಳಗೆ ಸ್ವಿಚ್ ಇದೆ, ಅದರ ಕರೆಂಟ್ ತೆಗೆದು ಹಾಕು’ ಅಂದೆ. ಅವನು ಅಂದ, ‘ಸರ್, ಇಲ್ಲಿ ಮೂರು ಡಬ್ಬಿ ಅದಾವ, ಯಾವ್ದು ಕೀಳ್ಲಿ?’

ಯಾವುದಕ್ಕೂ ಹೆಸರಿನ ಚೀಟಿ ಅಂಟಿಸಿರಲಿಲ್ಲ. ಅಂಟಿಸಬೇಕಾದವನು ನಾನೇ. ಅವನು ಮೊದಲು ಕ್ಯಾಮೆರಾ ರೆಕಾರ್ಡರ್ ಕಿತ್ತ. ಆಮೇಲೆ ಫೈಬರಿನ ಡಬ್ಬಿ. ಮೂರನೆಯದು ಸ್ವಿಚ್. ಅದು ಎದ್ದು ಕೂರಲು ನಾಲ್ಕೈದು ನಿಮಿಷ ತೆಗೆದುಕೊಂಡಿತು, ಚೀಟಿ ಬರಲು ಶುರುವಾಯಿತು. ಒಟ್ಟು ಮುಕ್ಕಾಲು ತಾಸು. ಅಷ್ಟರಲ್ಲಿ ಟ್ರ್ಯಾಕ್ಟರಿನ ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತಂತೆ.

ಕರೆಂಟ್ ತೆಗೆದು ಹಾಕಿದರೆ ಸರಿಯಾದದ್ದು ಯಾಕೆ? ನಾನು ಸೇವ್ ಮಾಡಿರಲಿಲ್ಲ, ಅಷ್ಟೇ. ಇಂಥ ಸಾಧನಗಳಲ್ಲಿ ಕಾನ್ಫಿಗ್, ಅಂದರೆ ನಾವು ಬರೆದ ಸೆಟ್ಟಿಂಗುಗಳು, ಎರಡು ಕಡೆ ಇರುತ್ತದೆ. ಈಗ ಓಡುತ್ತಿರುವುದು ರ್‍ಯಾಮಿನಲ್ಲಿ, ಅದು ರನ್ನಿಂಗ್ ಕಾನ್ಫಿಗ್. ಮತ್ತೆ ಎದ್ದಾಗ ಓದಿಕೊಳ್ಳುವುದು ಬೇರೆ ಕಡೆ ಬರೆದಿಟ್ಟದ್ದು, ಅದು ಸ್ಟಾರ್ಟಪ್ ಕಾನ್ಫಿಗ್. ನೀವು ಟೈಪ್ ಮಾಡಿದ್ದು ಮೊದಲನೆಯದರಲ್ಲಿ ತಕ್ಷಣ ಜಾರಿಯಾಗುತ್ತದೆ, ಎರಡನೆಯದಕ್ಕೆ ನೀವೇ ಕಾಪಿ ಮಾಡಬೇಕು. ಎಷ್ಟೋ ಜನಕ್ಕೆ ಸಾಲು ಸಾಲಿಗೂ ಸೇವ್ ಮಾಡುವ ‘ರೈಟ್’ ಕಮಾಂಡ್ ಹೊಡೆಯುವ ಚಟ ಇರುತ್ತದೆ. ನನಗೂ ಇತ್ತು. ಅವತ್ತು ಚುರಮುರಿ ಕೈಯಲ್ಲಿತ್ತು, ಅದಕ್ಕೇ ಹೊಡೆದಿರಲಿಲ್ಲ. ಹೊಡೆಯಲು ಕರ್ಸರ್ ಬಿಡುತ್ತಲೂ ಇರಲಿಲ್ಲ ಅನ್ನಿ. ಬೇರೆ ಥರದ ಬದಲಾವಣೆಯಾಗಿದ್ದು, ಸೇವ್ ಆದ ಮೇಲೆ ಕೈ ಕೊಟ್ಟಿದ್ದರೆ, ಸ್ವಿಚ್ಚಿಗೇ ನೇರ ಚುಚ್ಚಿ ಮಾತಾಡಿಸುವ ಕನ್ಸೋಲ್ ಕೇಬಲ್ ಹಿಡಿದು ರಾತ್ರಿ ಲೋಕಾಪುರ ದಾಟಿ ಹೋಗಬೇಕಿತ್ತು.

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ದೂರದಿಂದ ಕಾನ್ಫಿಗ್ ಬದಲಿಸುವಾಗ, ವಾಪಸ್ ಬರುವ ದಾರಿ ನಿಮ್ಮ ಮೇಲೆ ಅವಲಂಬಿಸಿರಬಾರದು. ‘ಕೆಟ್ಟರೆ ನಾನು ಸರಿ ಮಾಡ್ತೀನಿ’ ಅನ್ನುವುದು ಲೆಕ್ಕಕ್ಕಿಲ್ಲ. ಕೆಟ್ಟಾಗ ನೀವು ಅಲ್ಲಿರುವುದಿಲ್ಲ, ಅಲ್ವಾ? ನಿಮ್ಮ ಕೈ ತಪ್ಪಿ ಹೋದಾಗ ಸಾಧನವೇ ತನ್ನಷ್ಟಕ್ಕೆ ಹಳೇ ಸ್ಥಿತಿಗೆ ಮರಳಬೇಕು. ಬಾವಿಗೆ ಇಳಿಯುವವನು ಹಗ್ಗ ಕಟ್ಟಿ ಇಳಿಯುತ್ತಾನೆ. ಇಳಿದ ಮೇಲೆ ಹಗ್ಗ ಹುಡುಕುವುದಿಲ್ಲ.

ಈ ಹಗ್ಗ ಬೇರೆ ಬೇರೆ ಕಂಪನಿಗಳಲ್ಲಿ ಬೇರೆ ಬೇರೆ ಥರ ಇದೆ. ನನಗೆ ತುಂಬಾ ಇಷ್ಟವಾದದ್ದು ಜುನಿಪರಿನದು. ಅಲ್ಲಿ ನೀವು ಬರೆಯುತ್ತಾ ಹೋದದ್ದು ತಕ್ಷಣ ಜಾರಿಯಾಗುವುದೇ ಇಲ್ಲ. ಅದು ಒಂದು ಕರಡು ಪ್ರತಿಯಲ್ಲಿ ಕೂತಿರುತ್ತದೆ. ‘ಶೋ, ಪೈಪ್, ಕಂಪೇರ್’ ಅಂದರೆ ಏನು ಸೇರಿತು, ಏನು ಹೋಯಿತು ಅಂತ ಪ್ಲಸ್ಸು, ಮೈನಸ್ಸು ಹಾಕಿ ತೋರಿಸುತ್ತದೆ. ‘ಕಮಿಟ್ ಚೆಕ್’ ಅಂದರೆ ಜಾರಿ ಮಾಡದೆ ತಪ್ಪು ಮಾತ್ರ ನೋಡುತ್ತದೆ. ಆಮೇಲೆ ‘ಕಮಿಟ್ ಕನ್ಫರ್ಮ್ಡ್ 5’ ಅಂತ ಹೊಡೆದರೆ ಜಾರಿಯಾಗುತ್ತದೆ, ಆದರೆ ಐದು ನಿಮಿಷದೊಳಗೆ ನೀವು ಮತ್ತೊಮ್ಮೆ ‘ಕಮಿಟ್’ ಅನ್ನದಿದ್ದರೆ ತಾನೇ ಹಿಂದಕ್ಕೆ ಹೋಗುತ್ತದೆ. ಸಂಖ್ಯೆ ಕೊಡದಿದ್ದರೆ ಹತ್ತು ನಿಮಿಷ. ನೀವು ಹೊರಗೆ ಬಿದ್ದಿದ್ದರೆ ಎರಡನೇ ‘ಕಮಿಟ್’ ಹೊಡೆಯಲು ನಿಮ್ಮಿಂದ ಆಗುವುದೇ ಇಲ್ಲ, ಹಾಗಾಗಿ ಅದು ತಾನೇ ವಾಪಸ್. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ನೋಡಿ. ಈಗಿನದನ್ನೂ ಸೇರಿಸಿ 50 ಕಾನ್ಫಿಗ್ ತನಕ ಅದು ನೆನಪಿಟ್ಟುಕೊಳ್ಳುತ್ತದೆ, ‘ರೋಲ್‌ಬ್ಯಾಕ್ 1’ ಅಂದರೆ ಒಂದು ಹೆಜ್ಜೆ ಹಿಂದೆ. ವಯೋಸ್ ಅನ್ನುವ ರೌಟರ್ ಸಾಫ್ಟ್‌ವೇರಿನಲ್ಲೂ ಇಂಥದ್ದೇ ‘ಕಮಿಟ್-ಕನ್ಫರ್ಮ್’ ಇದೆ. ಉಬುಂಟು ಸರ್ವರ್ ಇಟ್ಟವರಿಗೆ ‘ನೆಟ್‌ಪ್ಲ್ಯಾನ್ ಟ್ರೈ’ ಇದೆ, 120 ಸೆಕೆಂಡಿನಲ್ಲಿ ಎಂಟರ್ ಒತ್ತದಿದ್ದರೆ ಹಳೇ ನೆಟ್‌ವರ್ಕ್ ಸೆಟ್ಟಿಂಗ್ ವಾಪಸ್.

ನಮ್ಮ ಕಡೆ ಜಾಸ್ತಿ ಕಾಣುವುದು ಮೈಕ್ರೋಟಿಕ್ ಕಂಪನಿಯ ರೌಟರು. ಕೇಬಲ್ ಇಂಟರ್ನೆಟ್ ಕೊಡುವವರ ಹತ್ತಿರ ಹೋದರೆ ಗೋಡೆ ತುಂಬ ಅದೇ. ಅದರಲ್ಲಿ ಸೇಫ್ ಮೋಡ್ ಅಂತ ಒಂದು ಬಟನ್ ಇದೆ, ಟರ್ಮಿನಲ್ಲಿನಲ್ಲಾದರೆ ಕಂಟ್ರೋಲ್ ಎಕ್ಸ್. ಅದನ್ನು ಒತ್ತಿ ಕೆಲಸ ಮಾಡಿದರೆ, ನಡುವೆ ನಿಮ್ಮ ಸಂಪರ್ಕ ಕಡಿದು ಹೋದಾಗ ಸೇಫ್ ಮೋಡಿನಲ್ಲಿ ಮಾಡಿದ್ದನ್ನೆಲ್ಲ ಅದೇ ಅಳಿಸಿ ಹಾಕುತ್ತದೆ. ತಕ್ಷಣ ಅಲ್ಲ. ಸಂಪರ್ಕ ಸತ್ತಿದೆ ಅಂತ ಅದಕ್ಕೆ ಗೊತ್ತಾಗಲು ಒಂಬತ್ತು ನಿಮಿಷದಷ್ಟು ಹಿಡಿಯಬಹುದು, ಅಷ್ಟರೊಳಗೆ ಗಾಬರಿಯಾಗಿ ಬೈಕ್ ಹತ್ತಬೇಡಿ, ಒಂದು ಚಹಾ ಕುಡಿಯಿರಿ. ಇನ್ನೊಂದು, ಒಂದೇ ಸಲ ಬಹಳ ಬದಲಾವಣೆ ಮಾಡಿದರೆ ಅದರ ನೆನಪು ತುಂಬಿ ಸೇಫ್ ಮೋಡ್ ತಾನೇ ಬಿಟ್ಟು ಹೋಗುತ್ತದೆ. ಇಡೀ ಕಾನ್ಫಿಗ್ ಪೇಸ್ಟ್ ಮಾಡಿ ಸೇಫ್ ಮೋಡ್ ಇದೆಯಲ್ಲ ಅಂತ ಕೂತರೆ ಹಗ್ಗ ಇರುವುದಿಲ್ಲ. ಸ್ವಲ್ಪ ಸ್ವಲ್ಪ ಮಾಡಿ. ಈ ಬಟನ್ ಕಣ್ಣೆದುರೇ ಇದ್ದರೂ ಒತ್ತುವವರನ್ನು ನಾನು ನೋಡಿದ್ದು ಕಡಿಮೆ. ಇಲ್ಲಿ ಎಷ್ಟು ಜನ ಒತ್ತುತ್ತೀರಿ? ಕೈ ಎತ್ತಿ. (ನಾಲ್ಕು ಕೈ ಎದ್ದವು. ಒಂದು ಅರ್ಧಕ್ಕೇ ಇಳಿಯಿತು.)

ಸಿಸ್ಕೋ ವಿಷಯಕ್ಕೆ ಬಂದರೆ, ಹಳೇ ಸ್ವಿಚ್ಚುಗಳಲ್ಲಿ ಇಷ್ಟು ನಾಜೂಕು ಇಲ್ಲ, ಬಡವರ ಹಗ್ಗ ಇದೆ. ಅದರ ಹೆಸರು ‘ರೀಲೋಡ್ ಇನ್ 10’. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದರಲ್ಲೂ ಒಂದು ಗುಂಡಿ ಇದೆ. ಮೊದಲು ಈಗಿರುವ ಕಾನ್ಫಿಗ್ ಸರಿ ಇದೆಯಾ ನೋಡಿ, ಸೇವ್ ಮಾಡಿ. ನಿಮಗಿಂತ ಮುಂಚೆ ಯಾರೋ ಏನೋ ಬದಲಿಸಿ ಸೇವ್ ಮಾಡದೆ ಆರು ತಿಂಗಳು ಬಿಟ್ಟಿದ್ದರೆ, ರೀಲೋಡ್ ಆದಾಗ ಅದೂ ಹೋಗುತ್ತದೆ, ಬೈಗುಳ ನಿಮಗೆ. ಆಮೇಲೆ ‘ರೀಲೋಡ್ ಇನ್ 10’ ಹೊಡೆಯಿರಿ. ಹತ್ತು ನಿಮಿಷಕ್ಕೆ ಸ್ವಿಚ್ ತಾನೇ ಬಿದ್ದು ಎದ್ದೇಳುತ್ತದೆ ಅಂತ ಗಡಿಯಾರ ಓಡಲು ಶುರು. ಈಗ ನಿಮ್ಮ ಬದಲಾವಣೆ ಮಾಡಿ. ಕೈ ತಪ್ಪಿತೋ, ಹತ್ತು ನಿಮಿಷಕ್ಕೆ ಅದು ಹಳೇ ಕಾನ್ಫಿಗ್ ಓದಿಕೊಂಡು ಏಳುತ್ತದೆ. ಎಲ್ಲ ಸರಿ ಇದೆಯೋ, ‘ರೀಲೋಡ್ ಕ್ಯಾನ್ಸಲ್’ ಹೊಡೆದು, ಆಮೇಲೆ ಸೇವ್.

ಗುಂಡಿ ಎಲ್ಲಿದೆ ಅಂದರೆ, ಬದಲಾವಣೆ ಮೊದಲು ಮಾಡಿ ಆಮೇಲೆ ರೀಲೋಡ್ ಕಮಾಂಡ್ ಕೊಟ್ಟರೆ ಅದು ಕೇಳುತ್ತದೆ, ಕಾನ್ಫಿಗ್ ಬದಲಾಗಿದೆ, ಸೇವ್ ಮಾಡಲಾ ಅಂತ. ಕೈ ಅಭ್ಯಾಸದಲ್ಲಿ ‘ಯೆಸ್’ ಅನ್ನುತ್ತದೆ. ಅಲ್ಲಿಗೆ ನಿಮ್ಮ ತಪ್ಪನ್ನೂ ಬರೆದಿಟ್ಟುಕೊಂಡು, ಅದು ಮತ್ತೆ ಎದ್ದು ಅದೇ ತಪ್ಪಿನಲ್ಲಿ ಕೂರುತ್ತದೆ. ‘ನೋ’ ಅನ್ನಬೇಕು. ಇನ್ನೊಂದು ಗುಂಡಿ, ಕೆಲಸ ಮುಗಿದ ಖುಷಿಯಲ್ಲಿ ಕ್ಯಾನ್ಸಲ್ ಮಾಡುವುದನ್ನೇ ಮರೆಯುವುದು. ನಾನು ಮರೆತಿದ್ದೇನೆ. ಒಂದು ಕಾಲೇಜಿನ ಲ್ಯಾಬು ಪರೀಕ್ಷೆಯ ನಡುವೆ ಐದು ನಿಮಿಷ ಕತ್ತಲಲ್ಲಿ ಕೂತಿತ್ತು. ಅದಕ್ಕೇ ಈಗ ಮೊಬೈಲಿನಲ್ಲಿ ಎಂಟು ನಿಮಿಷದ ಅಲಾರಾಂ ಇಟ್ಟೇ ಎಂಟರ್ ಒತ್ತುತ್ತೇನೆ.

ಇಡೀ ಸ್ವಿಚ್ ಬೀಳಿಸದೆ ಮಾಡುವ ದಾರಿಯೂ ಸಿಸ್ಕೋದಲ್ಲಿ ಇದೆ. ಹಳೇ ಕಾನ್ಫಿಗ್ ಕೂಡಿಡುವ ‘ಆರ್ಕೈವ್’ ಮೊದಲೇ ಹೊಂದಿಸಿಟ್ಟರೆ, ‘ಕಾನ್ಫಿಗರ್ ಟರ್ಮಿನಲ್ ರಿವರ್ಟ್ ಟೈಮರ್ 5’ ಅಂತ ಒಳಗೆ ಹೋಗಿ, ಕೆಲಸ ಮುಗಿಸಿ ‘ಕಾನ್ಫಿಗರ್ ಕನ್ಫರ್ಮ್’ ಅನ್ನಬಹುದು. ಅನ್ನದಿದ್ದರೆ ಐದು ನಿಮಿಷಕ್ಕೆ ವಾಪಸ್. ನಿಮ್ಮ ಸ್ವಿಚ್ಚಿನಲ್ಲಿ ಇದು ನಡೆಯುತ್ತದಾ ಅಂತ ಟೇಬಲ್ ಮೇಲಿರುವ ಒಂದು ಡಬ್ಬಿಯಲ್ಲಿ ಮೊದಲು ನೋಡಿ. ಕಾಟಾದಲ್ಲಿ ನೋಡಬೇಡಿ.

ದೊಡ್ಡವರೂ ಇದೇ ಬಾವಿಗೆ ಬಿದ್ದಿದ್ದಾರೆ. 2021ರ ಅಕ್ಟೋಬರ್ 4, ರಾತ್ರಿ ಒಂಬತ್ತರ ಸುಮಾರಿಗೆ ನಿಮ್ಮ ವಾಟ್ಸಾಪ್ ನಿಂತದ್ದು ನೆನಪಿದೆಯಾ? ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎಲ್ಲ ಆರು ತಾಸಿನಷ್ಟು ಹೊತ್ತು ಹೋಗಿದ್ದವು. ಅವರ ಬೆನ್ನೆಲುಬಿನ ನೆಟ್‌ವರ್ಕಿನಲ್ಲಿ ಎಷ್ಟು ಸಾಮರ್ಥ್ಯ ಇದೆ ಅಂತ ನೋಡಲು ಕೊಟ್ಟ ಒಂದು ಕಮಾಂಡು ಡೇಟಾ ಸೆಂಟರುಗಳ ನಡುವಿನ ಸಂಪರ್ಕವನ್ನೆಲ್ಲ ಕಡಿದು ಹಾಕಿತು. ಅಂಥ ಕಮಾಂಡನ್ನು ತಡೆಯಲು ಅಂತಲೇ ಒಂದು ತಪಾಸಣೆಯ ಸಾಫ್ಟ್‌ವೇರ್ ಇಟ್ಟಿದ್ದರು, ಅದರಲ್ಲೇ ದೋಷ ಇತ್ತು. ಅದರ ಬೆನ್ನಿಗೆ ಅವರ ಡಿಎನ್‌ಎಸ್ ಸರ್ವರುಗಳು, ಅಂದರೆ ವೆಬ್‌ಸೈಟಿನ ಹೆಸರು ಕೇಳಿದರೆ ವಿಳಾಸ ಹೇಳುವವು, ನಮಗೇ ಡೇಟಾ ಸೆಂಟರ್ ಸಿಗುತ್ತಿಲ್ಲ ಅಂತ ತಮ್ಮ ದಾರಿಯನ್ನು ಇಂಟರ್ನೆಟ್ಟಿನಿಂದ ಹಿಂದಕ್ಕೆ ತೆಗೆದುಕೊಂಡವು. ಸರಿ ಮಾಡುವ ಉಪಕರಣಗಳೂ ಅದೇ ನೆಟ್‌ವರ್ಕಿನ ಮೇಲೆ. ಕೊನೆಗೆ ಜನರನ್ನೇ ಡೇಟಾ ಸೆಂಟರಿಗೆ ಕಳಿಸಬೇಕಾಯಿತು. ಬಾಗಿಲು ಹಾಕಿ ಕೀಲಿಕೈ ಒಳಗೇ ಬಿಟ್ಟ ಹಾಗೆ.

ಅದಕ್ಕಿಂತ ನನ್ನನ್ನು ಜಾಸ್ತಿ ಕಾಡುವುದು ಕೆನಡಾದ ರಾಜರ್ಸ್ ಕಂಪನಿಯದು. 2022ರ ಜುಲೈ 8. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಫೋನೂ ಇಲ್ಲ, ಇಂಟರ್ನೆಟ್ಟೂ ಇಲ್ಲ. ರೌಟರುಗಳಲ್ಲಿದ್ದ ಒಂದು ಫಿಲ್ಟರ್ ತೆಗೆದದ್ದೇ ಕಾರಣ. ಫಿಲ್ಟರ್ ಹೋದ ಕೂಡಲೇ ರೌಟಿಂಗ್ ಮಾಹಿತಿ ಪ್ರವಾಹದ ಹಾಗೆ ಕೋರ್ ರೌಟರುಗಳ ಮೇಲೆ ಬಿತ್ತು, ಅವು ತಾಳಲಿಲ್ಲ. ಅದು ಏಳು ಹಂತದ ಕೆಲಸದಲ್ಲಿ ಆರನೆಯ ಹಂತ. ಶುರುವಿನಲ್ಲಿ ಈ ಕೆಲಸಕ್ಕೆ ಅಪಾಯ ಹೆಚ್ಚು ಅಂತಲೇ ಬರೆದಿದ್ದರು. ಹಿಂದಿನ ಹಂತಗಳು ತೊಂದರೆ ಇಲ್ಲದೆ ಮುಗಿದವಲ್ಲ, ಹಾಗಾಗಿ ಅವರ ಲೆಕ್ಕದ ವ್ಯವಸ್ಥೆ ಅಪಾಯವನ್ನು ಕಡಿಮೆ ಅಂತ ಇಳಿಸಿತ್ತು. ಐದು ಸಲ ಹಳ್ಳ ದಾಟಿದೆ, ಆರನೇ ಸಲ ನೀರು ಇರಲ್ಲ ಅಂದ ಹಾಗಲ್ವಾ ಇದು? ಪ್ರತಿ ಹಂತದ ಅಪಾಯ ಆ ಹಂತದ್ದೇ. ಇನ್ನೊಂದು ಸಂಗತಿ, ಅಲ್ಲಿನ ಇಂಜಿನಿಯರುಗಳು ಒಬ್ಬರಿಗೊಬ್ಬರು ಮಾತಾಡಲು ನಂಬಿಕೊಂಡಿದ್ದದ್ದೂ ಅದೇ ಕಂಪನಿಯ ಫೋನು, ಇಂಟರ್ನೆಟ್ಟನ್ನೇ.

ಇದನ್ನು ಕೇಳಿ ನೀವು ಮಾಡಬೇಕಾದದ್ದು ಸುಲಭದ್ದು. ನೀವು ಕೈ ಹಾಕುತ್ತಿರುವ ಲೈನು ಒಂದು ಕಂಪನಿಯದಾದರೆ, ಜೇಬಿನ ಸಿಮ್ಮು ಇನ್ನೊಂದು ಕಂಪನಿಯದಿರಲಿ. ಮುಖ್ಯವಾದ ಜಾಗದಲ್ಲಿ ಕನ್ಸೋಲ್ ಕೇಬಲ್ ಪೆಟ್ಟಿಗೆಯೊಳಗೇ ಕಟ್ಟಿಡಿ, ಜೊತೆಗೆ ಯುಎಸ್‌ಬಿ ಕನ್ವರ್ಟರ್. ಒಂದು 4ಜಿ ಮೋಡೆಮ್ಮಿಗೆ ಹಳೇ ಲ್ಯಾಪ್‌ಟಾಪ್ ಕಟ್ಟಿ ಕನ್ಸೋಲಿಗೆ ಹಾಕಿಟ್ಟರೂ ಆಯಿತು, ಅದು ದೊಡ್ಡವರು ಲಕ್ಷಗಟ್ಟಲೆ ಕೊಟ್ಟು ಮಾಡಿಕೊಳ್ಳುವ ಹಿಂಬಾಗಿಲಿನದೇ ಬಡ ತಮ್ಮ. ಅದಕ್ಕೆ ಗಟ್ಟಿ ಪಾಸ್‌ವರ್ಡ್ ಹಾಕಿ, ಹಿಂಬಾಗಿಲು ಕಳ್ಳರಿಗೂ ಬಾಗಿಲೇ.

ಈಗ ಟೈಮರ್ ಹಿಡಿಯದ ತಪ್ಪುಗಳ ಬಗ್ಗೆ. ಟೈಮರ್ ಕಾಪಾಡುವುದು ನೀವು ಹೊರಗೆ ಬಿದ್ದಾಗ ಮಾತ್ರ. ನಿಮ್ಮ ಸಂಪರ್ಕ ಚೆನ್ನಾಗಿದ್ದು, ಬೇರೆ ಯಾರದೋ ಕೆಲಸ ನಿಂತಿದ್ದರೆ? ನೀವು ‘ಕಮಿಟ್’ ಹೊಡೆದು ಮಲಗುತ್ತೀರಿ. ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಅಂತ ಬರೆಯುವ ಆ್ಯಕ್ಸೆಸ್ ಲಿಸ್ಟಿನಲ್ಲಿ ಇದು ಬಹಳ. ಸಿಸ್ಕೋದ ಪಟ್ಟಿಯ ಕೊನೆಗೆ ಕಣ್ಣಿಗೆ ಕಾಣದ ಒಂದು ಸಾಲು ಇರುತ್ತದೆ, ಮೇಲೆ ಹೆಸರಿಲ್ಲದವರಿಗೆಲ್ಲ ಬಾಗಿಲು ಬಂದ್ ಅಂತ. ನೀವು ಒಬ್ಬನನ್ನು ತಡೆಯಲು ಒಂದೇ ಸಾಲು ಬರೆದು ಹಚ್ಚಿದರೆ ಇಡೀ ಊರೇ ಹೊರಗೆ.

ಅದಕ್ಕೇ ಕೆಲಸಕ್ಕೆ ಮುಂಚೆ ನಾನು ಒಂದು ನೋಟ್‌ಪ್ಯಾಡಿನಲ್ಲಿ ಈಗಿನ ಸ್ಥಿತಿ ಹಿಡಿದಿಡುತ್ತೇನೆ. ಯಾವ ಪೋರ್ಟು ಎದ್ದಿವೆ, ಟ್ರಂಕಿನಲ್ಲಿ ಯಾವ ವಿಲ್ಯಾನ್ ಇವೆ, ಎಷ್ಟು ಮ್ಯಾಕ್ ವಿಳಾಸ, ಅಂದರೆ ಸಾಧನಗಳ ಗುರುತಿನ ಸಂಖ್ಯೆ, ಕಾಣುತ್ತಿವೆ, ಬೇರೆ ನೆಟ್‌ವರ್ಕಿಗೆ ಹೋಗುವ ರೌಟು ಎಷ್ಟು ಇವೆ. ಕೆಲಸದ ನಂತರ ಅವೇ ಕಮಾಂಡು, ಅದೇ ಕ್ರಮ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು. ಮೊದಲು 62 ಮ್ಯಾಕ್ ಇದ್ದದ್ದು ಈಗ 9 ಆಗಿದ್ದರೆ ಇದ್ದೀಯಾ ಅಂತ ಕೇಳುವ ಪಿಂಗಿಗೆ ಉತ್ತರ ಎಷ್ಟೇ ಚೆನ್ನಾಗಿ ಬರುತ್ತಿರಲಿ, ಏನೋ ಕೆಟ್ಟಿದೆ. ಮತ್ತೆ ಕೊನೆಗೆ ಕಾಟಾ ಹುಡುಗನಿಗೆ ಫೋನ್. ‘ಒಂದು ಚೀಟಿ ತೆಗಿ’. ಚೀಟಿ ಬಂದಿತು ಅಂತ ಅವನು ಹೇಳುವ ತನಕ ಟೈಮರ್ ಓಡುತ್ತಲೇ ಇರಲಿ.

ಬ್ಯಾಕಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಆಕ್ಸಿಡೈಸ್ಡ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಅದಕ್ಕಿಂತ ಹಳೆಯದು ರ್‍ಯಾನ್ಸಿಡ್. ಆಗಾಗ ಎಲ್ಲ ಸಾಧನಗಳ ಕಾನ್ಫಿಗ್ ಎಳೆದು ತಂದು, ಪ್ರತಿ ಬದಲಾವಣೆಯನ್ನೂ ನೆನಪಿಡುವ ಗಿಟ್‌ನಲ್ಲಿ ಇಡುತ್ತವೆ, ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ ಅಂತ ಸಾಲು ಸಮೇತ ಗೊತ್ತಾಗುತ್ತದೆ. ಆ ಗಿಟ್ ಎಲ್ಲರಿಗೂ ಕಾಣುವ ಕಡೆ ಇರದಂತೆ ನೋಡಿಕೊಳ್ಳಿ. ಸಿಸ್ಕೋ ಕಾನ್ಫಿಗಿನಲ್ಲಿ ಟೈಪ್ 7 ಪಾಸ್‌ವರ್ಡ್ ಕಂಡರೆ ಅದು ಗುಟ್ಟಲ್ಲ, ಮೇಲೆ ತೆಳು ಪರದೆ ಎಳೆದದ್ದಷ್ಟೇ, ಯಾರು ಬೇಕಾದರೂ ಬಿಡಿಸಬಹುದು. ಆನ್ಸಿಬಲ್ ಅನ್ನುವ ಸಾಫ್ಟ್‌ವೇರಿನಿಂದ 40 ಸ್ವಿಚ್ಚಿಗೆ ಒಂದೇ ಸಲ ಕಾನ್ಫಿಗ್ ಕಳಿಸುವವರಿಗೆ ಒಂದೇ ಮಾತು, ಮೊದಲು ಒಂದಕ್ಕೆ ಕಳಿಸಿ. ಯಂತ್ರ ಕೆಲಸವನ್ನು ಬೇಗ ಮಾಡುವಷ್ಟೇ ತಪ್ಪನ್ನೂ ಬೇಗ ಮಾಡುತ್ತದೆ.

ಆಮೇಲೆ ಪ್ರಶ್ನೆಗಳು ಬಂದವು. ಒಬ್ಬರು ಕೇಳಿದರು, ನಮ್ಮ ಅಂಗಡಿಯಲ್ಲಿರುವುದು ಎರಡು ಸಾವಿರ ರೂಪಾಯಿ ರೌಟರ್, ಅದರಲ್ಲಿ ನೀವು ಹೇಳಿದ ಒಂದೂ ಇಲ್ಲ, ಏನು ಮಾಡೋಣ? ನಿಜ. ಅದರಲ್ಲಿ ಸೇವ್ ಒತ್ತಿದರೆ ಸೇವ್, ಕರೆಂಟ್ ತೆಗೆದು ಹಾಕಿದರೂ ಹಳೆಯದು ಬರುವುದಿಲ್ಲ. ಅಲ್ಲಿ ಹಗ್ಗ ಅಂದರೆ ಬ್ಯಾಕಪ್ ಫೈಲು. ಮೆನುವಿನಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಇರುತ್ತದೆ, ಮೊದಲು ಇಳಿಸಿಕೊಳ್ಳಿ, ಇಂಟರ್ನೆಟ್ಟಿನ ಯೂಸರ್ ನೇಮು, ಪಾಸ್‌ವರ್ಡು ಕಾಗದದಲ್ಲಿ ಬರೆದುಕೊಳ್ಳಿ, ರೌಟರಿನ ಪಕ್ಕದಲ್ಲೇ ಕೂತು ಕೆಲಸ ಮಾಡಿ. ದೂರದಿಂದ ಬೇಡ.

ಇನ್ನೊಬ್ಬರದು, ಇಂಥ ಕೆಲಸ ರಾತ್ರಿಯೇ ಮಾಡಬೇಕಾ? ಕಾಲೇಜಿಗೆ ರಾತ್ರಿ ಸರಿ. ಸಕ್ಕರೆ ಕಾರ್ಖಾನೆಗೆ ಹಂಗಾಮಿನಲ್ಲಿ ರಾತ್ರಿ ಅನ್ನುವುದೇ ಇಲ್ಲ. ನನಗೆ ಇಷ್ಟ ಬೆಳಿಗ್ಗೆ, ಎಲ್ಲರೂ ಎಚ್ಚರ ಇರುವಾಗ, ಶಿಫ್ಟ್ ಬದಲಾಗುವ ಸಂದಿಯಲ್ಲಿ. ಆಫೀಸು ಖಾಲಿ ಇರುತ್ತದೆ ಅಂತ ರಜೆ ದಿನ ಹಿಡಿಯುವುದು ಮೋಸ. ಒಮ್ಮೆ ನಾನು ನಮ್ಮೂರ ಹೋಳಿಯ ದಿನವೇ ಹಿಡಿದಿದ್ದೆ. ಲಿಂಕ್ ಬಿತ್ತು. ನಾನು ಯಾರಿಗೆ ಫೋನ್ ಮಾಡಿದರೂ ಎತ್ತಿದರು, ಯಾರ ಮಾತೂ ಕೇಳಲಿಲ್ಲ, ಬರೀ ಹಲಗೆ ಸದ್ದು. ಕೊನೆಗೆ ಸಿಕ್ಕ ಒಬ್ಬನ ಕೈ ತುಂಬ ಬಣ್ಣ, ಹಾಗೇ ಸರ್ವರ್ ರೂಮಿಗೆ ಹೋಗಿದ್ದಾನೆ. ಆ ರ್‍ಯಾಕಿನ ಬಾಗಿಲಲ್ಲಿ ಗುಲಾಬಿ ಬೆರಳು ಇನ್ನೂ ಇದೆ.

ಹಿಂದೆ ಕೂತಿದ್ದ ಹುಡುಗಿಯೊಬ್ಬಳು ಕೇಳಿದಳು, ಆ ಮೂರು ಡಬ್ಬಿಗೆ ಆಮೇಲೆ ಚೀಟಿ ಅಂಟಿಸಿದಿರಾ ಸರ್? ಅಂಟಿಸಿದೆ. ಚೀಟಿ ಧೂಳಿಗೆ, ಬೂದಿಗೆ ಎರಡು ತಿಂಗಳೂ ನಿಲ್ಲಲಿಲ್ಲ. ಅದಕ್ಕೆ ಸ್ವಿಚ್ಚಿನ ಕರೆಂಟ್ ವೈರಿಗೆ ಕೆಂಪು ಟೇಪ್ ಸುತ್ತಿದೆ. ‘ನಾನು ಫೋನ್ ಮಾಡಿದರೆ ಕೆಂಪು ವೈರ್ ಅಷ್ಟೇ’ ಅಂತ ಕಾಟಾ ಹುಡುಗನಿಗೆ ಹೇಳಿ ಬಂದೆ. ಮುಂದಿನ ಹಂಗಾಮಿಗೆ ಅವನೇ ಫೋನ್ ಮಾಡಿದ. ಕ್ಯಾಮೆರಾದವರು ಬಂದು ಹೋಗಿದ್ದರಂತೆ.

‘ಸರ್, ಈಗ ಎರಡು ಕೆಂಪು ಅದಾವ.’